ಜಿಮ್ಮಿನ ಚಟ, ಸ್ಟೀರಾಯ್ಡ್ ಮತ್ತು ಮನಸ್ಸು

ಪರೀಕ್ಷೆ ಮುಗಿದರೆ ಸಾಕು, ನಮ್ಮ ತರಗತಿಯ ಅರ್ಧ ಹುಡುಗರು ಜಿಮ್ ಸೇರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ವ್ಯಾಯಾಮ ಮಾಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸೂ ಹಗುರಾಗುತ್ತದೆ. ಆದರೆ ನನ್ನ ಚಿಕ್ಕಪ್ಪನ ಮಗ, ನಾವು ಭಾಯಿ ಎಂದು ಕರೆಯುವವನು, ತನ್ನ ತಂಗಿಯ ನಿಕಾಹ್ ದಿನವೇ ನೆಂಟರನ್ನು ಬಿಟ್ಟು ಎರಡು ಗಂಟೆ ಜಿಮ್ಮಿಗೆ ಹೋದಾಗ ಮನೆಯವರಿಗೆಲ್ಲ ಏನೋ ಸರಿಯಿಲ್ಲ ಅನ್ನಿಸಿತು. ನಾನು ಈ ವಿಷಯ ಓದಲು ಶುರುಮಾಡಿದ್ದು ಆಮೇಲೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

1970ರಲ್ಲಿ ಅಮೆರಿಕದ ಫ್ರೆಡರಿಕ್ ಬೇಕ್ಲಂಡ್ ಎಂಬ ಸಂಶೋಧಕರು, ಒಂದು ತಿಂಗಳು ವ್ಯಾಯಾಮ ಬಿಟ್ಟರೆ ನಿದ್ದೆಗೆ ಏನಾಗುತ್ತದೆ ಎಂದು ಪರೀಕ್ಷಿಸಲು ಹೊರಟರು. ದಿನವೂ ವ್ಯಾಯಾಮ ಮಾಡುವವರು ಹಣ ಕೊಡುತ್ತೇವೆಂದರೂ ಒಪ್ಪಲಿಲ್ಲ! ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾಡುವವರನ್ನು ಸೇರಿಸಿಕೊಳ್ಳಬೇಕಾಯಿತು. ಅವರಿಗೂ ನಿದ್ದೆ ಕೆಟ್ಟಿತು, ಆತಂಕ ಹೆಚ್ಚಿತು.

ಶಿಸ್ತಿಗೂ ಚಟಕ್ಕೂ ಇರುವ ವ್ಯತ್ಯಾಸ ಗಂಟೆಯ ಲೆಕ್ಕದಲ್ಲಿಲ್ಲ. ಭುಜ ನೋಯುತ್ತಿದ್ದರೂ ನಿಲ್ಲಿಸಲಾಗದಿರುವುದು, ಒಂದು ದಿನ ತಪ್ಪಿದರೆ ಸಿಡುಕುವುದು, ಮೊದಲು ಒಂದು ಗಂಟೆ ಸಾಕಾಗುತ್ತಿದ್ದವನಿಗೆ ಈಗ ಮೂರು ಗಂಟೆಯೂ ಸಾಲದಿರುವುದು ಇದರ ಗುರುತುಗಳು. ಅರ್ಥಶಾಸ್ತ್ರದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದಲ್ಲಿ ತುಷ್ಟಿ ಇಳಿದ ಗ್ರಾಹಕ ಕೊಳ್ಳುವುದನ್ನು ನಿಲ್ಲಿಸುತ್ತಾನೆ. ಇಲ್ಲಿ ನಿಲ್ಲಿಸುವುದಿಲ್ಲ.

ಇನ್ನು ಕನ್ನಡಿಯ ವಿಷಯ. ಎಷ್ಟೇ ದಪ್ಪ ತೋಳಿದ್ದರೂ ಕನ್ನಡಿಯಲ್ಲಿ ತಾನು ಸಣಕಲನಾಗಿಯೇ ಕಾಣುವ ತೊಂದರೆಗೆ ಮಸಲ್ ಡಿಸ್ಮಾರ್ಫಿಯಾ ಎಂಬ ಹೆಸರಿದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ವಿವರಿಸಿದರು. ಅವರು ಮಕ್ಕಳ ಆಟಿಕೆ ಸೈನಿಕರ ತೋಳನ್ನೂ ಅಳೆದು ನೋಡಿದ್ದರು. ಹೊಸ ಗೊಂಬೆಗಳಲ್ಲಿ ಕೆಲವು, ಮನುಷ್ಯನ ಎತ್ತರಕ್ಕೆ ಹಿಗ್ಗಿಸಿದರೆ, ಯಾವ ದೇಹದಾರ್ಢ್ಯ ಪಟುವಿಗೂ ಇಲ್ಲದಷ್ಟು ದಪ್ಪವಿದ್ದವು.

ಸ್ಟೀರಾಯ್ಡ್ ಇಲ್ಲಿಂದಲೇ ಒಳಗೆ ಬರುತ್ತದೆ. ಒಂದು ಮಾತು: ನಮ್ಮ ನಾನಿ ಉಬ್ಬಸಕ್ಕೆ ಎಳೆದುಕೊಳ್ಳುವ ಸ್ಟೀರಾಯ್ಡ್ ಬೇರೆ, ಅದು ವೈದ್ಯರು ಕೊಡುವ ಔಷಧ, ಅದಕ್ಕೆ ಹೆದರಬೇಕಿಲ್ಲ. ಜಿಮ್ಮಿನದು ಗಂಡಸರ ಹಾರ್ಮೋನು ಟೆಸ್ಟೋಸ್ಟಿರಾನ್‌ನ ಕೃತಕ ರೂಪ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಚಿನ್ನದ ಪದಕ ಕಳೆದುಕೊಂಡದ್ದು ಇಂಥದ್ದರಿಂದಲೇ. ಅವರಿಗಾದರೂ ಪದಕದ ಆಸೆಯಿತ್ತು, ಭಾಯಿಗೆ ಯಾವ ಸ್ಪರ್ಧೆಯೂ ಇರಲಿಲ್ಲ.

ವಾಣಿಜ್ಯದ ವಿದ್ಯಾರ್ಥಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನ ಮಾಲು ಧಾರಾಳವಾಗಿ ಬಂದರೆ ಊರಿನ ಕಾರ್ಖಾನೆ ಮುಚ್ಚುತ್ತದೆ. ಹಾರ್ಮೋನು ಸೂಜಿಯಲ್ಲಿ ಬಂದರೆ, ಇನ್ನು ತಯಾರಿಸಬೇಡ ಎಂದು ಮೆದುಳು ವೃಷಣಗಳಿಗೆ ಆದೇಶ ನಿಲ್ಲಿಸುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ಕಡಿಮೆಯಾಗುತ್ತದೆ. ಸೂಜಿ ಬಿಟ್ಟ ಮರುದಿನವೇ ಕಾರ್ಖಾನೆ ತೆರೆಯುವುದಿಲ್ಲ, ತಿಂಗಳುಗಳೇ ಹಿಡಿಯಬಹುದು. ಆ ನಡುವಿನ ಕಾಲದಲ್ಲಿ ಸುಸ್ತು, ಖಿನ್ನತೆ, ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಅದನ್ನು ತಾಳಲಾರದೆ ಮತ್ತೆ ಸೂಜಿಗೆ ಮರಳುತ್ತಾರೆ. ತೆಗೆದುಕೊಳ್ಳುವಾಗ ಕೆಲವರಿಗೆ ವಿಪರೀತ ಕೋಪ. ಚಿಕ್ಕಮ್ಮ ಒಂದು ತಟ್ಟೆ ತಡವಾಗಿ ಇಟ್ಟದ್ದಕ್ಕೆ ಭಾಯಿ ಅದನ್ನು ಗೋಡೆಗೆ ಎಸೆದಿದ್ದ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುವುದು, ಹೃದಯದ ಸ್ನಾಯು ದಪ್ಪಗಾಗುವುದು ಕನ್ನಡಿಯಲ್ಲಿ ಕಾಣುವುದಿಲ್ಲ. ನಮ್ಮ ವಯಸ್ಸಿನವರಲ್ಲಿ ಮೂಳೆಯ ಬೆಳವಣಿಗೆಯೇ ಬೇಗ ನಿಂತು ಎತ್ತರ ಕಡಿಮೆಯಾಗಬಹುದು.

ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಆದರೂ ಭಾಯಿಗೆ ಜಿಮ್ಮಿನಲ್ಲೇ ಸಿಕ್ಕಿತು, ಬಾಟಲಿಯ ಮೇಲೆ ಚೀಟಿಯೂ ಇರಲಿಲ್ಲ. ತಾನಾಗಿಯೇ ಒಮ್ಮೆಲೇ ಬಿಡುವುದಕ್ಕಿಂತ ವೈದ್ಯರಿಗೆ ಹೇಳಿ ಬಿಡುವುದು ಒಳ್ಳೆಯದು. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಭಾಯಿ ಮೊದಲ ಸಲ ವೈದ್ಯರ ಹತ್ತಿರ ಹೋದಾಗ, ಪ್ರೋಟೀನ್ ಪುಡಿ ಮಾತ್ರ ಎಂದು ಸುಳ್ಳು ಹೇಳಿ ಬಂದಿದ್ದ. ಎರಡನೇ ಸಲ ನಾನು ಜೊತೆಗೆ ಹೋದೆ. ಬಾಟಲಿ ನನ್ನ ಬ್ಯಾಗಿನಲ್ಲಿತ್ತು. ಅವನೇ ತೆಗೆದು ಮೇಜಿನ ಮೇಲಿಟ್ಟ.