ಹಿರಗಾನ: ಓದು ಮೊದಲು, ಪೆನ್ಸಿಲ್ ಆಮೇಲೆ

ಜಪಾನಿನಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರೇ, ಮಗುವಿಗೆ ಹಿರಗಾನ ಲಿಪಿಯನ್ನು ತಿದ್ದಿಸಲು ಅವಸರಪಡಬೇಡಿ, ಮೊದಲು ಓದಿಸಿ. ಮೂಲ ಅಕ್ಷರಗಳು 46 ಮಾತ್ರ. ಬಹುಪಾಲು ಒಂದಕ್ಕೆ ಒಂದೇ ಉಚ್ಚಾರ. ಅ, ಇ, ಉ, ಎ, ಒ, ಆಮೇಲೆ ಕ ಸಾಲು ಎಂಬ ಜೋಡಣೆಯ ಹಿಂದೆ ಸಂಸ್ಕೃತದ ವರ್ಣಕ್ರಮವೇ ಇದೆ. ಕಾಗುಣಿತ ಬಲ್ಲ ಮಗುವಿಗೆ ಅದೇನೂ ಹೊಸದಲ್ಲ. ತೊಡಕಿರುವುದು ಆಕಾರದಲ್ಲಿ. ‘ನು’ ಮತ್ತು ‘ಮೆ’ ನೋಡಿ: ಕೊನೆಯಲ್ಲೊಂದು ಪುಟ್ಟ ಸುರುಳಿಯಿದ್ದರೆ ನು, ಇಲ್ಲದಿದ್ದರೆ ಮೆ. ‘ನೆ’, ‘ರೆ’, ‘ವ’ ಮೂರೂ ಬಾಲದಲ್ಲಷ್ಟೇ ಬೇರೆ. ಈ ವ್ಯತ್ಯಾಸ ಕಣ್ಣಿಗೆ ಹತ್ತುವ ಮುನ್ನ ಪೆನ್ಸಿಲ್ ಕೊಟ್ಟರೆ ಮಗು ಗೆರೆ ನಕಲು ಮಾಡುತ್ತದೆ, ಅಷ್ಟೇ. ‘ಇನು’, ‘ನೆಕೊ’ ಎಂದು ನಾಯಿ-ಬೆಕ್ಕುಗಳ ಹೆಸರಿನಿಂದ, ಕರುತಾ ಚೀಟಿಯಾಟದಿಂದ ಶುರುಮಾಡಿ.

ಬರೆದರೇ ನೆನಪಿರುವುದು ಎನ್ನುವವರಿದ್ದಾರೆ. ಸುಳ್ಳಲ್ಲ. ಆದರೆ ಹಿರಗಾನದಲ್ಲಿ ಬರವಣಿಗೆಯೆಂದರೆ ಗೆರೆಗಳ ಕ್ರಮ; ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೊಕ್ಕೆ ಎಳೆಯಬೇಕು, ಎಲ್ಲಿ ತೇಲಿಸಿ ಬಿಡಬೇಕು ಎಂಬ ಶಿಸ್ತು. ತಪ್ಪು ರೂಢಿಗೆ ಬಿದ್ದ ಕೈಯನ್ನು ತಿದ್ದುವುದು ಕಷ್ಟ. ಶಾಲೆಯಲ್ಲಿ ಹಿಂದೆ ಬಿದ್ದೀತೆಂಬ ಭಯವೂ ಬೇಡ, ಒಂದನೇ ತರಗತಿಯಲ್ಲೇ ಹಿರಗಾನವನ್ನು ಬರೆಯಿಸಿ ಕಲಿಸುತ್ತಾರೆ. ಅದೇ ವರ್ಷ ಚೀನೀ ಮೂಲದ ಅಕ್ಷರಗಳಾದ 80 ಕಾಂಜಿಗಳೂ ಎದುರಾಗುತ್ತವೆ. ಅವುಗಳ ಉಚ್ಚಾರವನ್ನು ಪಕ್ಕದಲ್ಲಿ ಸಣ್ಣದಾಗಿ ತೋರಿಸುವುದು ಹಿರಗಾನವೇ.