ಒಂದೇ ಮನೆ, ಎರಡು ಪಾಸ್‌ಪೋರ್ಟ್: ಅಣ್ಣ ತಂಗಿಗೆ ದೊಡ್ಡಮ್ಮನ ಕಿವಿಮಾತು

ಅಮೆರಿಕದಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಅಣ್ಣ ಹುಟ್ಟಿದ್ದು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ, ತಂಗಿ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ. ಅಂಥ ಮಕ್ಕಳಿಗೆ ನಾನು ಹೇಳುವುದು ಇಷ್ಟು.

• ನಿಮ್ಮಿಬ್ಬರ ಪರಿಸ್ಥಿತಿ ಒಂದೇ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ತಂಗಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಅಪ್ಪನ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲವೆಂದರೆ ಅಣ್ಣ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲೇ ಬೆಳೆದಿರುತ್ತಾನೆ. 21 ತುಂಬಿದರೆ ಅದು ಮುಗಿಯಿತು. ಆಡಿ ಬೆಳೆದ ಊರಿನಲ್ಲೇ ಅವನು ವಿದೇಶಿ ವಿದ್ಯಾರ್ಥಿಯಾಗಿ ಎಫ್-1 ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಮಗಳೇ, ಆ ವರ್ಷ ಅವನು ಮಾತುಮಾತಿಗೂ ಸಿಡುಕಿದರೆ ಬೇಜಾರು ಮಾಡ್ಕೋಬೇಡ. ಅಪ್ಪ ಅಮ್ಮ ಅವನು ಹೈಸ್ಕೂಲಿನಲ್ಲಿರುವಾಗಲೇ ವಲಸೆ ವಕೀಲರನ್ನು ಕಾಣಲಿ.

• ಮಗಾ, ತಂಗಿಯ ಕನ್ನಡವನ್ನು ಆಡಿಕೊಂಡು ನಗಬೇಡ. "ಅಜ್ಜೀ, ಬಾಲೆಹಣ್ಣು ಕೊಡಿ" ಎಂದಾಗ ಮನೆಮಂದಿಯೆಲ್ಲ ಗೊಳ್ಳೆಂದು ನಕ್ಕರೆ, ಆ ಹುಡುಗಿ ಮುಂದಿನ ಮಾತನ್ನು ಇಂಗ್ಲಿಷಿನಲ್ಲೇ ಆಡುತ್ತಾಳೆ. ಅಪ್ಪ ಅಮ್ಮನ ಹತ್ತಿರ ಕನ್ನಡ, ನೀವಿಬ್ಬರೇ ಇದ್ದಾಗ ಇಂಗ್ಲಿಷ್ ಎಂದಾದರೆ, ಆ ಮನೆಯ ಕನ್ನಡ ಅಪ್ಪ ಅಮ್ಮನ ಕಾಲಕ್ಕೇ ಮುಗಿಯುತ್ತದೆ. ನಿಮ್ಮಿಬ್ಬರ ನಡುವೆಯೂ ದಿನಾ ಒಂದಿಷ್ಟು ಕನ್ನಡ ಓಡಾಡಲಿ, ಜಗಳವಾದರೂ ಸರಿ.

• ಊರಿಗೆ ವಿಡಿಯೋ ಕಾಲ್ ಮಾಡುವಾಗ ಅಣ್ಣ ದುಭಾಷಿಯಾಗಿ ಪಕ್ಕದಲ್ಲಿ ಕೂರುವುದು ಬೇಡ. ತಂಗಿ ಒಬ್ಬಳೇ ತಡವರಿಸುತ್ತ ಮಾತಾಡಲಿ. ಹುಳಿಪುಡಿಗೆ ಮೆಂತ್ಯ ಎಷ್ಟು ಹಾಕಬೇಕು ಅಂತ ಅಜ್ಜಿಯನ್ನೇ ಕೇಳಲಿ.

• ಸಾಕರ್ ಪಂದ್ಯ ಗಣೇಶನ ಹಬ್ಬದ ದಿನವೇ ಬಂತೇ? ಆಡಿ ಬರಲಿ, ಪೂಜೆ ಸಂಜೆಗಾಗಲಿ. ಮಕ್ಕಳ ಸ್ನೇಹಿತರನ್ನೂ ಕರೆದು ಕಡುಬು ಬಡಿಸಿ.

• ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ನಡೆಯುತ್ತಿದೆ, ನ್ಯೂಜೆರ್ಸಿಯಲ್ಲಿ ಬೃಂದಾವನ ಎಂಬ ಕನ್ನಡ ಸಂಘವಿದೆ. ಹೋಗಿ. ಆದರೆ ವೇದಿಕೆ ಹತ್ತಲು ಒಲ್ಲದ ಮಗುವನ್ನು ತಳ್ಳಬೇಡಿ, ಪಂಕ್ತಿಯಲ್ಲಿ ಬಡಿಸುವ ಕೆಲಸ ಕೊಡಿ. ಅಲ್ಲಿಯೂ ನಾಲ್ಕು ಮಾತು ಕಲಿಯುತ್ತದೆ.

• ಕಾಗದಪತ್ರದ ವಿಷಯವನ್ನು ಇಬ್ಬರೂ ತಿಳಿದಿರಬೇಕು. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ತಂಗಿಗೆ ಇಂಡಿಯಾದಲ್ಲಿ ಮತದಾನವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅಡ್ಡಿಯಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಗಳಿಗೂ ಸಮಪಾಲು. ಹಾಗಾಗಿ ಮುಂದಿನ ಸಲ ಊರಿಗೆ ಬಂದಾಗ ತೋಟಕ್ಕೆ ಅಣ್ಣನೊಬ್ಬನನ್ನೇ ಕರೆದೊಯ್ಯಬೇಡಿ. ತಂಗಿಯೂ ಹೋಗಲಿ, ಪಹಣಿ ತೆಗೆಸಿ ಇಬ್ಬರಿಗೂ ತೋರಿಸಿ.