ಸೈಡ್ ಸ್ಪಿನ್ ಕೊಟ್ಟರೆ ಗುರಿ ತಪ್ಪುವುದೇಕೆ?

ಪ್ರಶ್ನೆ: ಪೂಲ್‌ನಲ್ಲಿ ನನ್ನ ನೇರ ಹೊಡೆತ ಚೆನ್ನಾಗಿದೆ. ಸೈಡ್ ಸ್ಪಿನ್ ಕೊಟ್ಟರೆ ಮಾತ್ರ ಪಾಕೆಟ್ ತಪ್ಪುತ್ತದೆ. ದುಬಾರಿ ಲೋ-ಡಿಫ್ಲೆಕ್ಷನ್ ಶಾಫ್ಟ್ ಕೊಳ್ಳಲೇ?

ಉತ್ತರ: ಈಗಲೇ ಬೇಡ. ಬಿಳಿ ಚೆಂಡಿನ ಬಲಬದಿಗೆ ಹೊಡೆದರೆ ಅದು ತುಸು ಎಡಕ್ಕೆ ಓರೆಯಾಗಿ ಹೊರಡುತ್ತದೆ. ಎಷ್ಟು ಓರೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಶಾಫ್ಟಿನ ತುದಿಯ ಕೆಲವು ಇಂಚುಗಳ ತೂಕ. ತುದಿ ಹಗುರವಾದಷ್ಟೂ ಓರೆ ಕಡಿಮೆ; ಲೋ-ಡಿಫ್ಲೆಕ್ಷನ್ ಶಾಫ್ಟ್‌ನ ಗುಟ್ಟು ಇದೇ. ಹಾಗಾದರೆ ಕೊಳ್ಳುವುದೇ ಸರಿಯಲ್ಲವೇ ಎಂದು ನೀವು ಕೇಳಬಹುದು. ಓರೆ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಮೇಲಾಗಿ, ಕ್ಯೂವಿನ ಹಿಂಭಾಗ ಎತ್ತಿದಾಗ ಚೆಂಡು ಸ್ಪಿನ್ ಕೊಟ್ಟ ಕಡೆಗೇ ಬಾಗುವುದು ಯಾವ ಶಾಫ್ಟ್‌ನಲ್ಲೂ ತಪ್ಪದು.

ಮೊದಲು ನಿಮ್ಮ ಶಾಫ್ಟನ್ನೇ ಅರಿಯಿರಿ. ಕ್ಯೂ ಆದಷ್ಟು ಮಟ್ಟಸವಾಗಿರಲಿ. ಟೇಬಲಿನ ಉದ್ದಕ್ಕೆ ಇಟ್ಟ ಚೆಂಡಿನ ನಡುವಿಗೆ ಗುರಿಯಿಟ್ಟು, ಬಲಸ್ಪಿನ್ ಕೊಟ್ಟು ಜೋರಾಗಿ ಹೊಡೆಯಿರಿ. ಪ್ರತಿ ಸಲವೂ ಎಡಕ್ಕೇ ತಪ್ಪಿದರೆ, ಅಷ್ಟೇ ಅಳತೆ ಬಲಕ್ಕೆ ಗುರಿ ಸರಿಸಿ ರೂಢಿ ಮಾಡಿಕೊಳ್ಳಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಪ್ಪುತ್ತಿದ್ದರೆ ದೋಷ ತೋಳಿನ ಚಲನೆಯಲ್ಲಿದೆ. ಒಳ್ಳೆಯ ಕೋಚ್‌ಗೆ ತೋರಿಸಿ. ಆಮೇಲೂ ಹೊಸ ಶಾಫ್ಟ್ ಬೇಕೆನಿಸಿದರೆ, ಯಾರದಾದರೂ ಪಡೆದು ಕೆಲವು ದಿನ ಆಡಿ ನೋಡದೆ ಹಣ ಕೊಡಬೇಡಿ.